ಬಸವೇಶಣ್ಣನ ಬೆರಳಿಗೊಂದು ಗ್ರಾಫಿಕ್ಸ್ ಕಾರ್ಡ್

ತರೀಕೆರೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಾಲಿನ ವ್ಯಾನು ಬಂದು ಹೋಗಿದೆ, ಹೂವಿನವರು ಬಂದಿಲ್ಲ. ಅರ್ಧ ಎತ್ತಿದ ಶಟರಿನ ಕೆಳಗೆ ತಲೆ ತಗ್ಗಿಸಿ ಒಳಗೆ ಹೋದರೆ, ಬಿಚ್ಚಿಟ್ಟ ಕಂಪ್ಯೂಟರೊಂದರ ಮುಂದೆ ಭೂಮಿಕಾ ಸ್ಟೂಲಿನ ಮೇಲೆ ಕೂತಿದ್ದಾರೆ. ಪರದೆಯ ಮೇಲೆ ಕೆಂಪು ಕಾರೊಂದು ಯಾರೂ ಓಡಿಸದೆ ತನ್ನಷ್ಟಕ್ಕೆ ತಾನೇ ಸುತ್ತು ಹಾಕುತ್ತಿದೆ. ಅವರ ಗಮನ ಕಾರಿನ ಮೇಲಿಲ್ಲ. ತೋರುಬೆರಳನ್ನು ಕಂಪ್ಯೂಟರಿನ ಹೊಟ್ಟೆಯೊಳಗೆ ಇಳಿಬಿಟ್ಟು, ಅಲ್ಲಿ ಕೂರಿಸಿರುವ ಕಾರ್ಡಿನ ಅಲ್ಯೂಮಿನಿಯಂ ಪಟ್ಟಿಗಳನ್ನು ಮುಟ್ಟುತ್ತಾರೆ, ತೆಗೆಯುತ್ತಾರೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮುಟ್ಟುತ್ತಾರೆ.

"ಸುಡ್ತಾ ಇದೆ. ಆದ್ರೆ ಬೆರಳು ಇಡೋ ಹಂಗಿದೆ," ಎನ್ನುತ್ತಾರೆ. "ಇಡಕ್ಕಾಗ್ದಂಗೆ ಸುಟ್ರೆ ಮುಗೀತು, ಇದನ್ನೂ ಮೂಲೆಗೆ ಎಸೀಬೇಕು."

ಇಷ್ಟು ಬೇಗ ಅಂಗಡಿ ತೆರೆಯುವುದಕ್ಕೆ ಕಾರಣ ಪಕ್ಕದ ಹೋಟೆಲಿನ ಚಟ್ನಿ. ಅಲ್ಲಿ ಗ್ರೈಂಡರ್ ತಿರುಗಲು ಶುರುವಾದರೆ ಇಡೀ ಓಣಿಯ ವೋಲ್ಟೇಜ್ ಕುಸಿಯುತ್ತದೆ, ಟ್ಯೂಬ್‌ಲೈಟು ಮಿಣುಕುತ್ತದೆ. ಸ್ಟೆಬಿಲೈಸರ್ ಇದೆ, ಅದರ ಮೇಲೆ ಅವರಿಗೆ ಪೂರ್ತಿ ನಂಬಿಕೆಯಿಲ್ಲ. "ಗ್ರೈಂಡರ್‌ಗೆ ಮುಂಚೆ ಕೆಟ್ರೆ ಅದು ಕಾರ್ಡಿನ ತಪ್ಪು. ಆಮೇಲೆ ಕೆಟ್ರೆ ಕಾರ್ಡೋ ಕರೆಂಟೋ ಯಾರಿಗ್ಗೊತ್ತು? ಅದಕ್ಕೇ ಚಟ್ನಿಗಿಂತ ಮುಂಚೆ ನಾನು ಬರಬೇಕು," ಎಂದು ನಗುತ್ತಾರೆ. ನಗು ಬಂದಷ್ಟೇ ಬೇಗ ಹೋಗಿಬಿಡುತ್ತದೆ. ಬೆರಳು ಮತ್ತೆ ಕಾರ್ಡಿನ ಮೇಲೆ.

ಇವತ್ತು ಬೆಳಗಿನ ಬಸ್ಸಿಗೆ ಈ ಕಾರ್ಡನ್ನು ಅಜ್ಜಂಪುರಕ್ಕೆ ಒಯ್ಯಬೇಕು. ಅಲ್ಲಿ ಬಸವೇಶ್ ಎಂಬ ಲಾರಿ ಚಾಲಕರ ಬಲಗೈ ಇದಕ್ಕಾಗಿ ಕಾಯುತ್ತಿದೆ. ಪಾರ್ಶ್ವವಾಯು ಹೊಡೆದು ಮುಷ್ಟಿಗಟ್ಟಿ ಹೋಗಿದ್ದ ಆ ಕೈ ಒಂದು ಹಳೆಯ ವಿಡಿಯೋ ಗೇಮ್ ಆಡುತ್ತ ಆಡುತ್ತ ಬಿಡಿಸಿಕೊಳ್ಳತೊಡಗಿತ್ತು. ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ಸುಟ್ಟಿತು, ಆಟ ನಿಂತಿತು, ಬೆರಳುಗಳು ಮತ್ತೆ ಒಳಕ್ಕೆ ಮಡಚಿಕೊಳ್ಳುತ್ತಿವೆ. ಸುಟ್ಟುಹೋದ ಕಾರ್ಡನ್ನು ಆರಿಸಿ ಕೊಟ್ಟವರೂ ಭೂಮಿಕಾ ಅವರೇ. ಎರಡನೆಯ ಸಲವೂ ತಪ್ಪು ಆರಿಸಿದರೆ ಏನು ಗತಿ ಎಂಬ ದಿಗಿಲಿನಲ್ಲಿ ಅವರಿಗೆ ಊಟ ಸೇರುತ್ತಿಲ್ಲ.

ಕಡೂರು, ತರೀಕೆರೆ, ಅಜ್ಜಂಪುರದ ಆಸುಪಾಸಿನಲ್ಲಿ ಹಳೆಯ ಕಂಪ್ಯೂಟರಿನಲ್ಲಿ ಹಳೆಯ ಆಟ ಆಡಬೇಕೆನ್ನುವವರಿಗೆಲ್ಲ ಭೂಮಿಕಾ ಅವರ ಅಂಗಡಿಯೇ ಗತಿ. ಅಂಗಡಿಗೆ ಬೋರ್ಡಿಲ್ಲ. ಕೇಳಿದವರಿಗೆ ಹೋಟೆಲಿನವರೇ "ಗೇಮ್ ಮೇಡಮ್ಮಾ? ಇಲ್ಲೇ ಪಕ್ಕ," ಎಂದು ತೋರಿಸುತ್ತಾರೆ. ಬರುವವರಲ್ಲಿ ಹೆಚ್ಚಿನವರು ನಲವತ್ತರ ಆಚೀಚೆಯ ಗಂಡಸರು. ಬ್ಯಾಂಕಿನ ಗುಮಾಸ್ತರು, ಗೊಬ್ಬರದಂಗಡಿಯವರು, ಒಬ್ಬ ಪಶುವೈದ್ಯರು. ಶಾಲೆ ತಪ್ಪಿಸಿ ಬಸ್ ನಿಲ್ದಾಣದ ಬಳಿಯ ವಿಡಿಯೋ ಗೇಮ್ ಅಂಗಡಿಯಲ್ಲಿ ಕೂತು ಒದೆ ತಿಂದ ತಲೆಮಾರು ಇದು. ಈಗ ಕಚೇರಿಯಿಂದ ವಿಲೇವಾರಿಯಾದ ಹಳೆ ಕಂಪ್ಯೂಟರನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಬರುತ್ತಾರೆ. ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಆ ಕಾಲದ ಗೇಮಿನ ಡಬ್ಬಿಗಳು ಈಗ ಸಿಗುವುದಿಲ್ಲ. ಕಂಪ್ಯೂಟರೇ ಆ ಡಬ್ಬಿಯ ವೇಷ ಹಾಕಿಕೊಂಡು ನಟಿಸುವಂತೆ ಮಾಡುವ ತಂತ್ರಾಂಶವಿದೆ, ಎಮ್ಯುಲೇಟರ್ ಎಂದು ಅದರ ಹೆಸರು. ವೇಷ ಕಟ್ಟುವುದು ಎಮ್ಯುಲೇಟರಾದರೆ, ಪರದೆಯ ಮೇಲೆ ಚಿತ್ರ ಬಿಡಿಸುವ ಭಾರ ಗ್ರಾಫಿಕ್ಸ್ ಕಾರ್ಡಿನದು.

"ಎಲ್ರೂ ಬಂದು ಕೇಳೋದು ಒಂದೇ. ಇರೋದ್ರಲ್ಲಿ ದೊಡ್ಡ ಕಾರ್ಡ್ ಹಾಕಿ ಮೇಡಮ್ ಅಂತಾರೆ. ಎತ್ತಿನ ಗಾಡಿಗೆ ಲಾರಿ ಇಂಜಿನ್ ಕೂರ್ಸಿ ಅಂದಂಗೆ," ಎನ್ನುತ್ತಾರೆ ಭೂಮಿಕಾ. ಹಳೆಯ ಕಚೇರಿ ಕಂಪ್ಯೂಟರಿನ ಪವರ್ ಸಪ್ಲೈಗೆ ಇರುವ ಶಕ್ತಿ ಅಷ್ಟಕ್ಕಷ್ಟೆ. ದೊಡ್ಡ ಕಾರ್ಡು ಪ್ರತ್ಯೇಕ ವೈರಿನಿಂದ ಕರೆಂಟು ಕೇಳುತ್ತದೆ, ಆ ವೈರೇ ಅದರಲ್ಲಿ ಇರುವುದಿಲ್ಲ. ತೆಳ್ಳನೆಯ ಕ್ಯಾಬಿನೆಟ್ಟಾದರೆ ಕಾರ್ಡು ಒಳಗೆ ಹಿಡಿಸುವುದೂ ಇಲ್ಲ. ಮಾನಿಟರ್ ಹಳೆಯದಾದರೆ ಹೊಸ ಕಾರ್ಡಿನಲ್ಲಿ ಅದರ ಪಿನ್ನಿಗೆ ಜಾಗವೇ ಇರುವುದಿಲ್ಲ. ತೀರಾ ಹಳೆಯ ಚಪ್ಪಟೆ ಚಿತ್ರದ ಆಟಗಳಿಗೆ ಕಾರ್ಡೇ ಬೇಡವೆಂದು ಅವರು ಎಷ್ಟೋ ಜನರನ್ನು ಬರಿಗೈಲಿ ವಾಪಸ್ ಕಳಿಸಿದ್ದಾರೆ. ವ್ಯಾಪಾರ ಮಾಡಲು ಬಾರದ ಹೆಂಗಸೆಂದು ಓಣಿಯಲ್ಲಿ ಹೆಸರು ಬಂದಿರುವುದು ಇದರಿಂದಲೇ.

ಊರು ತರೀಕೆರೆಯೇ. ತಂದೆ ಜವರಯ್ಯ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು, ಹಳಿಯುದ್ದಕ್ಕೂ ನಡೆದು ಸುತ್ತಿಗೆಯಲ್ಲಿ ಬಡಿದು ಸದ್ದು ಕೇಳಿಯೇ ಬಿರುಕು ಹಿಡಿಯುತ್ತಿದ್ದವರು. ಭೂಮಿಕಾ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಕಡೂರಿನ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ಪಾಠ ಹೇಳುತ್ತಿದ್ದರು. ಮೊಬೈಲು ಬಂದು ಕಲಿಯಲು ಬರುವವರು ಕಮ್ಮಿಯಾಗಿ ಕೇಂದ್ರ ಬಾಗಿಲು ಹಾಕಿತು. ಕಂಪ್ಯೂಟರುಗಳು ಗುಜರಿಗೆ ಹೋಗುವ ದಿನ ಅವರು ನಾಲ್ಕಾರನ್ನು ಗೂಡ್ಸ್ ಆಟೋಗೆ ಹಾಕಿಸಿಕೊಂಡು ಮನೆಗೆ ತಂದರು. ಆ ದಿನವನ್ನು ತಾಯಿ ತಿಪ್ಪಮ್ಮ ಇನ್ನೂ ಮರೆತಿಲ್ಲ. "ಗಂಡನ್ನ ನೋಡ್ಕೊಂಡ್ ಬಾರೇ ಅಂದ್ರೆ ಡಬ್ಬ ತಂದವ್ಳೆ ಅಂತ ಬೀದೀಲೆಲ್ಲ ಹೇಳ್ಕೊಂಡ್ ಬಂದ್ಬಿಟ್ಟೆ," ಎನ್ನುತ್ತಾರೆ. ಮಗಳು ದಿನಕ್ಕೆ ಏಳೆಂಟು ಯಂತ್ರ ಬಿಚ್ಚಿ ಜೋಡಿಸುವುದನ್ನು ನೋಡಿದ ಮೇಲೆ ಆ ಮಾತಿನ ಖಾರ ಎಷ್ಟೋ ಇಳಿದಿದೆ.

ಬಸವೇಶ್ ಅವರ ಕಥೆ ಶುರುವಾಗಿದ್ದು ಒಂದು ರಬ್ಬರ್ ಚೆಂಡಿನಿಂದ. ಈರುಳ್ಳಿ ಲೋಡು ಹೊತ್ತು ಊರೂರು ಸುತ್ತುತ್ತಿದ್ದ ಮನುಷ್ಯ ಒಂದು ದಿನ ಮನೆಯ ಬಾಗಿಲಲ್ಲೇ ಕುಸಿದರು. ಜೀವ ಉಳಿಯಿತು, ಕಾಲು ತಕ್ಕಮಟ್ಟಿಗೆ ಬಂತು, ಬಲಗೈ ಮಾತ್ರ ಮುಷ್ಟಿ ಕಟ್ಟಿತು. ಹಿಸುಕುತ್ತಾ ಇರಿ ಎಂದು ಫಿಸಿಯೋಥೆರಪಿ ಡಾಕ್ಟರು ಚೆಂಡು ಕೊಟ್ಟರು. ಬಸವೇಶ್ ಅದನ್ನು ಎಡಗೈಯಲ್ಲಿ ತೆಗೆದು ಅಂಗಳಕ್ಕೆ ಎಸೆದರು. ಎತ್ತಿ ತಂದು ಕೊಟ್ಟಷ್ಟೂ ಸಲ ಎಸೆದರು. ಕೊನೆಗೆ ತಾಯಿ ತೀರ್ಥಮ್ಮನವರ ಮುಂದೆ ಬಾಯಿಬಿಟ್ಟು ಕೇಳಿದ್ದು ಒಂದೇ. ಚಿಕ್ಕವರಿದ್ದಾಗ ತರೀಕೆರೆಯಲ್ಲಿ ಆಡುತ್ತಿದ್ದ ಕಾರ್ ರೇಸಿನ ಗೇಮು ಸಿಗುತ್ತದೆಯೇ ಎಂದು.

ತೀರ್ಥಮ್ಮ ವಿಚಾರಿಸುತ್ತ ವಿಚಾರಿಸುತ್ತ ಈ ಅಂಗಡಿಗೆ ಬಂದರು. ಸಂಬಂಧಿಕರ ಕಚೇರಿಯಿಂದ ಬಂದ ತೆಳ್ಳನೆಯ ಹಳೆ ಕಂಪ್ಯೂಟರೊಂದು ಅವರ ಮನೆಯಲ್ಲಿ ಸುಮ್ಮನೆ ಬಿದ್ದಿತ್ತು. ಭೂಮಿಕಾ ಅದಕ್ಕೆ ಚಿಕ್ಕ ಫ್ಯಾನಿರುವ ಕಾರ್ಡೊಂದನ್ನು ಹಾಕಿ, ಎಮ್ಯುಲೇಟರ್ ಕೂರಿಸಿ, ಜಾಯ್‌ಸ್ಟಿಕ್ ಜೋಡಿಸಿ ಕೊಟ್ಟರು. ಆ ಆಟದಲ್ಲಿ ಗುಂಡಿ ಒತ್ತಿ ಹಿಡಿದರೆ ಕಾರು ಓಡುತ್ತದೆ, ತಿರುವಿನಲ್ಲಿ ಗುಂಡಿ ಬಿಡದಿದ್ದರೆ ಗೋಡೆಗೆ ಗುದ್ದುತ್ತದೆ.

"ಅವ್ರ ಕೈಗೆ ಒತ್ತೋದು ಕಷ್ಟ ಅಲ್ಲ ಕಣ್ರೀ. ಬಿಡೋದೇ ಕಷ್ಟ. ಮುಷ್ಟಿ ತಾನಾಗೇ ಬಿಗಿಯುತ್ತೆ, ಬಿಡು ಅಂದ್ರೆ ಬಿಡಲ್ಲ," ಎಂದು ಭೂಮಿಕಾ ತಮ್ಮ ಕೈಯನ್ನೇ ಮಡಚಿ ತೋರಿಸುತ್ತಾರೆ. "ಬೆರಳು ಬಿಟ್ಟ ತಕ್ಷಣ ಕಾರು ನಿಧಾನ ಆಗ್ಬೇಕು. ಚಿತ್ರ ತಡವಾಗಿ ಬಂದ್ರೆ ಬಿಟ್ಟೆನೋ ಇಲ್ವೋ ಅಂತ ಅವ್ರಿಗೇ ತಿಳಿಯಲ್ಲ. ರೇಗಿ ಜಾಯ್‌ಸ್ಟಿಕ್ ಎಸೆದ್ಬಿಡ್ತಾರೆ."

ಮೊದಲ ಕಾರ್ಡಿನಲ್ಲಿ ಚಿತ್ರ ತಡವಾಗಲಿಲ್ಲ. ಗೋಡೆಗೆ ಗುದ್ದಿ ಗುದ್ದಿ, ಬೈದುಕೊಂಡು, ದಸರೆಗೆ ಶುರು ಮಾಡಿದ ಆಟದಿಂದ ಸಂಕ್ರಾಂತಿಯ ಹೊತ್ತಿಗೆ ಹೆಬ್ಬೆರಳೂ ತೋರುಬೆರಳೂ ಬಿಡಿಸಿಕೊಂಡವು. ತೀರ್ಥಮ್ಮ ಎಳ್ಳುಬೆಲ್ಲದ ಪೊಟ್ಟಣ ಹಿಡಿದು ಬಸ್ಸು ಹತ್ತಿ ಬಂದು, ಅಂಗಡಿಯಲ್ಲಿ ಕೂತು ಅತ್ತು ಹೋದರು. ಶಿವರಾತ್ರಿ ಕಳೆದ ಮೇಲೆ ಅದೇ ತೀರ್ಥಮ್ಮನವರ ಫೋನು ಬಂತು. "ಪೆಟ್ಗೆ ಕಪ್ಪಗಾಗ್ಹೋಯ್ತು ಕಣವ್ವಾ. ಸುಟ್ಟ ವಾಸ್ನೆ ಬತ್ತಾ ಐತೆ. ಇವನು ಗೋಡೆ ಕಡೆ ಮಕ ಮಾಡ್ಕಂಡು ಮಲಗ್ಬಿಟ್ಟವ್ನೆ."

ಭೂಮಿಕಾ ಅವತ್ತೇ ಅಜ್ಜಂಪುರಕ್ಕೆ ಹೋದರು. ನಡುಮನೆಯಲ್ಲಿ ದೇವರ ಗೂಡಿನ ಪಕ್ಕದಲ್ಲಿ ಮೇಜು, ಪ್ಲಗ್ಗು ಇರುವುದು ಅಲ್ಲೇ. ಕಂಪ್ಯೂಟರಿನ ಪಕ್ಕದ ಜಾಲರಿಯ ಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ. ಮುಚ್ಚಳ ಬಿಚ್ಚಿ ನೋಡಿದರೆ ಕಾರ್ಡಿನ ಪುಟ್ಟ ಫ್ಯಾನು ಬೆಳ್ಳಗೆ ಹಿಟ್ಟು ಮೆತ್ತಿಕೊಂಡು ಗಟ್ಟಿಯಾಗಿ ನಿಂತಿದೆ. ಫ್ಯಾನು ತಿರುಗದೆ ಕಾರ್ಡು ಕಾದು ಸತ್ತಿದೆ. ತೀರ್ಥಮ್ಮ ದಿನಾ ಬೆಳಿಗ್ಗೆ ಮಠದಿಂದ ತಂದ ವಿಭೂತಿಯನ್ನು ಮಗನ ಹಣೆಗೆ ಹಚ್ಚಿ, ಕೈಗೆ ಹಚ್ಚಿ, ಆ ಕೈಯನ್ನು ಬಿಡಿಸಿದ ಪೆಟ್ಟಿಗೆಗೂ ಹಚ್ಚಿ, ಅಂಗೈಯಲ್ಲಿ ಉಳಿದದ್ದನ್ನು ಒಳ್ಳೆಯದಾಗಲೆಂದು ಜಾಲರಿಯ ಮೇಲೆ ಊದುತ್ತಿದ್ದರು. ಫ್ಯಾನು ಅಷ್ಟನ್ನೂ ಭಕ್ತಿಯಿಂದ ಒಳಗೆಳೆದುಕೊಂಡಿತ್ತು.

ಅವತ್ತು ಭೂಮಿಕಾ ಧೂಳು ಕೂತಿದೆ ಎಂದಷ್ಟೇ ಹೇಳಿ, ಕಂಪ್ಯೂಟರನ್ನು ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟರು. ಭೂಮಿಕಾ ಅವರ ಮನೆಯ ಗೋಡೆಯ ಮೇಲಿರುವುದು ಬುದ್ಧನ ಪಟ. ತೀರ್ಥಮ್ಮನವರದು ತಲೆತಲಾಂತರದಿಂದ ಮಠಕ್ಕೆ ನಡೆದುಕೊಂಡ ಮನೆ. "ಆಯಮ್ಮ ನನ್ನ ನಡುಮನೇಲಿ ಕೂರ್ಸಿ ಕಾಫಿ ಕೊಟ್ಟವ್ರೆ, ಒಂದಿನಕ್ಕೂ ಭೇದ ಮಾಡಿಲ್ಲ," ಎನ್ನುತ್ತಾರೆ ಭೂಮಿಕಾ. "ಆದ್ರೂ ವಿಭೂತಿ ಹಚ್ಬೇಡಿ ಅನ್ನೋ ಮಾತು ನಮ್ ಬಾಯಲ್ಲಿ ಬಂದ್ರೆ ಬೇರೆ ತರ ಕೇಳ್ಸುತ್ತೆ ಕಣ್ರೀ. ಇವ್ಳು ಯಾರು ಹೇಳಕ್ಕೆ ಅಂತ ಬೀದೀಲಿ ಒಬ್ರು ಅಂದ್ರೆ ಸಾಕು. ಆಮೇಲೆ ಆ ಮನೆ ಬಾಗ್ಲಿಗೆ ನಾನು ಹೋಗಕ್ಕಾಗುತ್ತಾ? ಹೋಗ್ದೆ ಇದ್ರೆ ಆ ಕೈ?"

ಹೇಳುವ ಧೈರ್ಯ ಇಲ್ಲದೆ ಅವರು ಹೇಳದೆಯೇ ಪಾರಾಗುವ ದಾರಿ ಹುಡುಕಿದರು. ಫ್ಯಾನೇ ಇಲ್ಲದ ಕಾರ್ಡ್ ಹಾಕಿದರೆ ಹೇಗೆ? ಗಾಳಿ ಎಳೆಯುವುದಿಲ್ಲ, ಬರೀ ಅಲ್ಯೂಮಿನಿಯಂ ಪಟ್ಟಿಗಳಿಂದ ಶಾಖ ಬಿಟ್ಟು ತಣ್ಣಗಾಗುತ್ತದೆ. ಅಂಥದ್ದು ಹುಡುಕಿಕೊಂಡು ಕಡೂರಿಗೆ ಹೋದರು. ಅಲ್ಲಿ ಹಳೆ ಎಲೆಕ್ಟ್ರಾನಿಕ್ ಸಾಮಾನಿನ ವ್ಯಾಪಾರಿ ಷಡಕ್ಷರಿ ಮೂಟೆಗಳನ್ನೆಲ್ಲ ಸುರಿದು ತೋರಿಸಿ, "ಫ್ಯಾನಿರೋದೇ ಒಳ್ಳೇದಲ್ವೇನಮ್ಮ? ಇದು ಬಡಪಾಯಿ ಕಾರ್ಡು, ಯಾರೂ ಮೂಸಲ್ಲ," ಎಂದು ಕೆಣಕಿದರು. ಭೂಮಿಕಾ ಯಾರೂ ಮೂಸದ ಅದನ್ನೇ ಹಿಡಿದು ಬಂದರು.

ಆಮೇಲೆ ಶುರುವಾಯಿತು ನಿಜವಾದ ಪೇಚಾಟ. ಬಡಪಾಯಿ ಕಾರ್ಡಿನಲ್ಲಿ ಕಾರು ತಡವರಿಸಿತು. ತಿರುವಿನಲ್ಲಿ ಗುಂಡಿ ಬಿಟ್ಟರೆ ಒಂದು ಕ್ಷಣ ಹಾಗೇ ಮುಂದಕ್ಕೆ ಹೋಗಿ ಗುದ್ದುತ್ತಿತ್ತು. ಫ್ಯಾನಿನದ್ದು ಹಾಕಿದರೆ ವಿಭೂತಿಯ ಭಯ, ಇದನ್ನು ಹಾಕಿದರೆ ಬಸವೇಶಣ್ಣನ ಸಿಟ್ಟಿನ ಭಯ. ಅಜ್ಜಂಪುರದಿಂದ ಮೇಲಿಂದ ಮೇಲೆ ಫೋನು ಬರುತ್ತಿತ್ತು. ಬೆರಳು ಮತ್ತೆ ಮಡಚುತ್ತಿದೆಯಂತೆ, ಬೇಗ ಏನಾದರೂ ಮಾಡಬೇಕೆಂದು ಡಾಕ್ಟರು ಹೇಳಿದರಂತೆ. ಕೊನೆಗೆ ಹೊಳೆದದ್ದು ತೀರಾ ಸರಳ ಉಪಾಯ. ಎಮ್ಯುಲೇಟರಿನಲ್ಲಿ ಹಳೆಯ ಚಿತ್ರವನ್ನು ನಾಲ್ಕು ಪಟ್ಟು ನುಣುಪು ಮಾಡಿ ತೋರಿಸುವ ವ್ಯವಸ್ಥೆಯಿದೆ. ಎಲ್ಲರೂ ಅದನ್ನು ಕೇಳುತ್ತಾರೆಂದು ಅವರು ಅಭ್ಯಾಸಬಲದಿಂದ ಅದನ್ನು ಹಾಕಿಯೇ ಕೊಡುವುದು. ಅದನ್ನು ತೆಗೆದು, ಆ ಕಾಲದಲ್ಲಿ ಹೇಗಿತ್ತೋ ಹಾಗೇ ಒರಟು ಚಿತ್ರ ಬರುವಂತೆ ಬಿಟ್ಟರು. ಕಾರ್ಡಿನ ಭಾರ ಇಳಿಯಿತು, ಕಾರು ಬೆರಳಿನ ಮಾತು ಕೇಳಿತು.

ಹಾಗಿದ್ದರೂ ಹೇಳುವ ಸಂಕಟ ತಪ್ಪಲಿಲ್ಲ. ಕಾರ್ಡಿಗೆ ಫ್ಯಾನಿಲ್ಲದಿದ್ದರೇನು, ಪ್ರೊಸೆಸರಿಗಿದೆ, ಪವರ್ ಸಪ್ಲೈಗಿದೆ. ಊದುವುದು ನಿಲ್ಲದಿದ್ದರೆ ಇವತ್ತು ಕಾರ್ಡು, ನಾಳೆ ಇಡೀ ಕಂಪ್ಯೂಟರು. ಮನೆಯಲ್ಲಿ ಒದ್ದಾಡುತ್ತಿದ್ದ ಮಗಳನ್ನು ನೋಡಿ ಜವರಯ್ಯ ವಿಷಯ ಕೇಳಿ ತಿಳಿದುಕೊಂಡರು. "ಹಳೀಲಿ ಬಿರುಕು ಕಂಡ್ಮೇಲೆ ಸ್ಟೇಷನ್ ಮಾಸ್ಟ್ರು ಏನಂದ್ಕೋತಾರೆ ಅಂತ ಸುಮ್ನಿರಕ್ಕಾಗುತ್ತಾ? ಹೋಗಿ ಹೇಳ್ಬುಟ್ ಬಾ," ಎಂದರು. ಅವರಿಗೇನು, ಹೇಳಿ ಮಗ್ಗುಲಾದರು. ಮಗಳಿಗೆ ನಿದ್ದೆ ಬರಲಿಲ್ಲ.

ಈಗ ಪಕ್ಕದ ಹೋಟೆಲಿನ ಗ್ರೈಂಡರ್ ಗುರ್ರೆನ್ನುತ್ತದೆ. ಭೂಮಿಕಾ ಬೆರಳು ತೆಗೆದು ಕಂಪ್ಯೂಟರಿನ ಮುಚ್ಚಳ ಹಾಕಿ, ಹಳೆಯ ದುಪ್ಪಟ್ಟಾದಲ್ಲಿ ಸುತ್ತಿ ಚೀಲಕ್ಕಿಳಿಸುತ್ತಾರೆ. ಅಜ್ಜಂಪುರದ ಬಸ್ಸಿನಲ್ಲಿ ಅದನ್ನು ಮೇಲಿನ ಕಂಬಿಗೆ ಹಾಕದೆ ತೊಡೆಯ ಮೇಲೇ ಇಟ್ಟುಕೊಂಡು ಕೂರುತ್ತಾರೆ. ರಸ್ತೆಯ ಪ್ರತಿ ಹಳ್ಳಕ್ಕೂ ಎರಡು ಕೈಯಲ್ಲಿ ಎತ್ತಿ ಹಿಡಿಯುತ್ತಾರೆ. ಬಾಯಲ್ಲಿ ಮಾತು ಜೋಡಿಸುತ್ತಿದ್ದಾರೆ. "ಅಮ್ಮ, ತಪ್ಪು ತಿಳ್ಕೋಬೇಡಿ ಅಂತ ಶುರು ಮಾಡ್ಲಾ? ಬೇಡ, ಹಂಗಂದ್ರೇನೇ ತಪ್ಪು ತಿಳ್ಕೋತಾರೆ," ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಾರೆ.

ಬಸವೇಶ್ ಮಂಚದ ಅಂಚಿನಲ್ಲಿ ಕೂತಿದ್ದಾರೆ. ಬಲಗೈ ತೊಡೆಯ ಮೇಲಿದೆ, ಬೆರಳುಗಳು ಹೆಬ್ಬೆರಳನ್ನು ಒಳಗೆ ಹಾಕಿಕೊಂಡು ಬಿಗಿದಿವೆ. ಭೂಮಿಕಾ ವೈರುಗಳನ್ನು ಸಿಕ್ಕಿಸಿ ಸ್ವಿಚ್ಚು ಒತ್ತುವಷ್ಟರಲ್ಲಿ ತೀರ್ಥಮ್ಮ ದೇವರ ಗೂಡಿನಿಂದ ವಿಭೂತಿ ಕರಡಿಗೆ ಹಿಡಿದು ಬಂದೇಬಿಡುತ್ತಾರೆ. ರಿಪೇರಿಯಾಗಿ ಬಂದ ಪೆಟ್ಟಿಗೆಗೆ ಮೊದಲ ಪಟ್ಟೆ ಎಳೆಯಲು ಕೈ ಮುಂದೆ ಬರುತ್ತದೆ.

"ಅಮ್ಮಾ, ಹಚ್ಬೇಡಿ," ಎಂದುಬಿಡುತ್ತಾರೆ ಭೂಮಿಕಾ. ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿದೆ. "ಅದು ಒಳಗೆ ಹೋಗುತ್ತೆ. ಫ್ಯಾನಿಗೆ ಮೆತ್ಕೊಂಡು ತಿರುಗ್ಲಿಲ್ಲ. ಅದಕ್ಕೇ ಹೋದ್ಸಲ ಸುಟ್ಟಿದ್ದು."

ತೀರ್ಥಮ್ಮನವರ ಕೈ ಅಲ್ಲೇ ನಿಲ್ಲುತ್ತದೆ. ಭೂಮಿಕಾ ಬೈಗುಳಕ್ಕೆ ಸಿದ್ಧರಾಗಿ ನಿಂತಿದ್ದಾರೆ. ಬೈಗುಳ ಬರುವುದಿಲ್ಲ. ಆ ತಾಯಿ ನಿಂತಲ್ಲೇ ಗೋಡೆಗೊರಗಿ ಕುಸಿದು ಕೂರುತ್ತಾರೆ. "ಹಂಗಾರೆ ನಾನೇ ಕೆಡಿಸ್ದೆನಾ? ನನ್ ಮಗನ್ ಕೈಯ ನಾನೇ ಕೆಡಿಸ್ದೆನಾ ತಾಯಿ?"

ಇಷ್ಟು ದಿನ ಏನೇನೋ ಹೆದರಿಕೊಂಡ ಭೂಮಿಕಾ ಇದೊಂದನ್ನು ಎಣಿಸಿರಲಿಲ್ಲ. ಅವರೂ ಪಕ್ಕದಲ್ಲಿ ನೆಲಕ್ಕೆ ಕೂರುತ್ತಾರೆ. "ಇಲ್ಲಮ್ಮ. ಕಂಪ್ಯೂಟರ್ ಎಲ್ಲಿಡ್ತೀರ, ಯಾರು ಮುಟ್ತಾರೆ ಅಂತ ನಾನು ಕೇಳ್ಬೇಕಿತ್ತು. ಕೇಳ್ದೆ ಕಾರ್ಡ್ ಆರ್ಸಿದ್ದು ನಾನು. ಕಂಡ್ಮೇಲೂ ಹೇಳ್ದೆ ಹೋದೆ, ಹೆದ್ರಿಕೊಂಡು."

"ಯಾರಿಗ್ ಹೆದ್ರಿದ್ಯವ್ವಾ?"

"ನಿಮಗೇ."

ತೀರ್ಥಮ್ಮ ಅವರನ್ನೇ ದಿಟ್ಟಿಸಿ ನೋಡುತ್ತಾರೆ. ಆ ಹೆದರಿಕೆ ಎಂಥದ್ದೆಂದು ಅವರಿಗೆ ಅರ್ಥವಾಗದೆ ಇಲ್ಲ. ಸೆರಗಿನಲ್ಲಿ ಮೂಗೊರೆಸಿಕೊಂಡು, "ನನ್ ಮಗನ ಕೈ ತಾನೇ ಅದು. ನಂಗೆ ನಾಕು ಬೈದಿದ್ರೂ ಕೇಳ್ತಿದ್ದೆ ಕಣೇ," ಎನ್ನುತ್ತಾರೆ. ಕರಡಿಗೆಯನ್ನು ಮುಚ್ಚಿ ಗೂಡಿನಲ್ಲಿಟ್ಟು ಬರುತ್ತಾರೆ.

"ಇಬ್ರೂ ಅಳೋದಾದ್ರೆ ಆಚೆ ಹೋಗಿ. ಗಾಡಿ ಬಿಡ್ಬೇಕು," ಎಂದು ಮಂಚದಿಂದ ಬಸವೇಶ್ ಗದರುತ್ತಾರೆ. ಮಾತು ಇನ್ನೂ ತೊದಲುತ್ತದೆ, ಗದರುವುದಕ್ಕೇನೂ ಕಮ್ಮಿಯಿಲ್ಲ. ಪರದೆಯ ಮೇಲಿನ ಒರಟು ಚಿತ್ರ ನೋಡಿ ಅವರ ಹುಬ್ಬು ಮೇಲೇರುತ್ತದೆ. "ಹಿಂಗೇ ಇತ್ತು. ನಮ್ ಕಾಲ್ದಾಗೆ ಹಿಂಗೇ ಇತ್ತು. ಹೋದ್ಸಲ ಏನೋ ಪೌಡ್ರು ಬಳ್ದಂಗೆ ಮಾಡಿದ್ರಲ್ಲ ನೀವು!"

ತಾಯಿ ಮಗನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಜಾಯ್‌ಸ್ಟಿಕ್ ಹಿಡಿಸುತ್ತಾರೆ. ಕಾರು ಹೊರಟು, ಮೊದಲ ತಿರುವಿನಲ್ಲಿ ಗೋಡೆಗೆ ಗುದ್ದುತ್ತದೆ. ಎರಡನೆಯ ಸಲವೂ ಗುದ್ದುತ್ತದೆ. ಬಸವೇಶ್ ಹಲ್ಲು ಕಚ್ಚುತ್ತಾರೆ, ಕುತ್ತಿಗೆಯ ನರ ಉಬ್ಬುತ್ತದೆ. ಭೂಮಿಕಾ ಪರದೆ ನೋಡಲಾರದೆ ಕಂಪ್ಯೂಟರಿನ ಮೈ ಮುಟ್ಟಿ ಮುಟ್ಟಿ ಶಾಖ ನೋಡುತ್ತ ನಿಂತಿದ್ದಾರೆ. ಎಷ್ಟೋ ಸಲ ಗುದ್ದಿದ ಮೇಲೆ, ಹೆಬ್ಬೆರಳು ನಡುಗುತ್ತ ನಡುಗುತ್ತ ಗುಂಡಿಯಿಂದ ಮೇಲೇಳುತ್ತದೆ. ಕೂದಲೆಳೆಯಷ್ಟೇ. ಅದೇ ಗಳಿಗೆಯಲ್ಲಿ ಕಾರು ನಿಧಾನವಾಗಿ, ತಿರುವು ದಾಟಿ ಮುಂದೆ ಹೋಗುತ್ತದೆ. ತೀರ್ಥಮ್ಮ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾರೆ.

ಇದಾದ ಮೇಲೆ ಭೂಮಿಕಾ ಅವರ ಕೆಲಸದಲ್ಲಿ ಒಂದು ಬದಲಾವಣೆಯಾಗಿದೆ. ಕಾರ್ಡು ಕೇಳಿ ಬಂದವರಿಗೆ ಅವರ ಮೊದಲ ಪ್ರಶ್ನೆ ಯಾವ ಗೇಮ್ ಎಂದಲ್ಲ. ಕಂಪ್ಯೂಟರ್ ಮನೆಯಲ್ಲಿ ಎಲ್ಲಿದೆ, ಮೇಲೆ ಬಟ್ಟೆ ಹೊದಿಸುತ್ತೀರಾ, ಪೂಜೆ ಯಾರು ಮಾಡುತ್ತಾರೆ, ಒಗ್ಗರಣೆ ಹೊಗೆ ಬರುತ್ತದೆಯೇ ಎಂದೆಲ್ಲ ಕೇಳುತ್ತಾರೆ. ಹೆಣ್ಣು ನೋಡಲು ಬಂದವರ ಹಾಗೆ ವಿಚಾರಿಸುತ್ತಾರಪ್ಪ ಎಂದು ಗಿರಾಕಿಗಳು ಗೇಲಿ ಮಾಡುತ್ತಾರೆ. ಮಾಡಲಿ ಎನ್ನುತ್ತಾರೆ ಅವರು.

ಆತಂಕ ಪೂರ್ತಿ ಹೋಗಿಲ್ಲ. ಬೇಸಿಗೆ ಏರುತ್ತಿದೆ, ಫ್ಯಾನಿಲ್ಲದ ಕಾರ್ಡು ಈ ಸೆಕೆಯನ್ನು ತಡೆದುಕೊಳ್ಳುತ್ತದೆಯೋ ಇಲ್ಲವೋ ಅವರಿಗೂ ಗೊತ್ತಿಲ್ಲ. ಬೆಳಿಗ್ಗೆ ಫೋನು ರಿಂಗಾದರೆ ಈಗಲೂ ಅಜ್ಜಂಪುರದ್ದೇ ಎಂದುಕೊಂಡು ಕೈಲಿದ್ದ ಕೆಲಸ ಬಿಟ್ಟು ಎತ್ತುತ್ತಾರೆ. ಡಾಕ್ಟರು ಕೈ ಬರುತ್ತದೆ ಎಂದೂ ಹೇಳಿಲ್ಲ, ಬರುವುದಿಲ್ಲ ಎಂದೂ ಹೇಳಿಲ್ಲ, ಬಿಡದೆ ಆಡಿಸಿ ಎಂದಿದ್ದಾರೆ. ನಿಮಗೇನು ಆಸೆ ಎಂದು ಕೇಳಿದರೆ ಭೂಮಿಕಾ ಸ್ಕ್ರೂಡ್ರೈವರ್ ಕೆಳಗಿಡುತ್ತಾರೆ.

"ಬಸವೇಶಣ್ಣ ಒಬ್ರೇ ಬಸ್ ಹತ್ಕೊಂಡು ಇಲ್ಲಿಗ್ ಬರ್ಬೇಕು. ಏನ್ರೀ ಇದು ನಿಮ್ ಡಬ್ಬ ಕಾರ್ಡು ಅಂತ ನನ್ ಹತ್ರ ಜಗಳ ಆಡ್ಬೇಕು. ಬಲಗೈಯಲ್ಲೇ ಕಣ್ರೀ, ಅಂಗೈ ಪೂರ್ತಿ ಬಿಚ್ಚಿ, ಈ ಟೇಬಲ್ನ ಪಟಾರ್ ಅಂತ ಬಡೀಬೇಕು. ಕಾರ್ಡ್ ಹಾಳಾಗ್ಹೋಗ್ಲಿ, ಇನ್ನೊಂದು ಹುಡುಕಿ ಕೊಡ್ತೀನಿ."